ಹೆದ್ದಾರಿಯಲ್ಲಿ ತಣ್ಣಗೆ, ಹೊಲದಲ್ಲಿ ಕುದಿತ: ಜೀಪಿನ ಹೆಡ್ ಬಿಚ್ಚುವ ಮೊದಲು ನೋಡಬೇಕಾದ್ದು

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲಾ, ಇಂಡಿ ತಾಲ್ಲೂಕು. ಹಳೇ ಫೋರ್‌ವೀಲ್ ಜೀಪು ಐತಿ. ನಾಲ್ಕು ಸಿಲಿಂಡರಿನ ಡಿಐ ಡೀಸೆಲ್ ಎಂಜಿನ್, ಟರ್ಬೊ ಇಲ್ಲ, ಎಸಿ ಇಲ್ಲ, ಫ್ಯಾನ್ ಬೆಲ್ಟಿಂದು. ಸೊಲ್ಲಾಪುರ ರಸ್ತೆದಾಗ 60–70ರಾಗ ಹೊಂಟ್ರ ಹೀಟ್ ಮೀಟರಿನ ಮುಳ್ಳು ನಡು ಬಿಟ್ಟು ಏರಂಗಿಲ್ಲ. ನಿಂಬಿ ತೋಟದಾಗ, ಎರಿ ಹೊಲದಾಗ ಸಾವಕಾಶ ಓಡಿಸಿದ್ರ 15–20 ಮಿನಿಟಿಗೆ ಕೆಂಪಿಗೆ ಹೋಗತೈತಿ. ಬಂದ್ ಮಾಡಿದ ಮ್ಯಾಲ ಗುಳುಗುಳು ಕುದ್ದು ಪೈಪಿನಿಂದ ನೀರು ಚೆಲ್ಲತೈತಿ. ಮಳಿಗಾಲದಾಗ ಚೋರ್ಲಾ ಘಾಟ್ ಏರೋಮುಂದನೂ ಹಿಂಗ ಆತು. ದಿನಾ ಮುಂಜಾನೆ ಅರ್ಧ ಲೀಟರ್ ಬೋರಿನ ನೀರು ಹಾಕಬೇಕಾಗತೈತಿ. ಥರ್ಮೋಸ್ಟಾಟ್ ಎರಡು ವರ್ಷದ ಹಿಂದ ತೆಗೆಸೀವಿ, ಕ್ಯಾಪ್ ಹೊಸಾದು ಹಾಕೀವಿ. ಮುಂದ ಕಬ್ಬಿಣದ ಬಂಪರ್, ವಿಂಚ್, ಹೊಟ್ಟು ಹೋಗಬಾರದಂತ ಜಾಳಗಿ ಹಾಕಿಸೀವಿ, ಟೈರ್ 31 ಇಂಚಿನವು. ಮಿಸ್ತ್ರಿ ಈಗ ಹೆಡ್ ಗ್ಯಾಸ್ಕೆಟ್ ಹೋಗೇತಿ, ಹೆಡ್ ಬಿಚ್ಚೂಣು ಅನ್ನಾಕತ್ಯಾನ. ಬಿಚ್ಚಬೇಕೋ ಬ್ಯಾಡೋ?

ಉತ್ತರ: ಹೆಡ್‌ಗೆ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ, ಈಗಲೇ ಪಾನಾ ಹಚ್ಚಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಗಾಡಿ ಎಲ್ಲಿ ಕುದಿಯುತ್ತದೆ, ಎಲ್ಲಿ ಕುದಿಯುವುದಿಲ್ಲ ಎಂದು ನೋಡಿ ಇಟ್ಟಿದ್ದೀರಿ. ಹೀಟಿಂಗ್ ಪತ್ತೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ.

ಸಾವಕಾಶ ಹೋದಾಗ ಕುದಿದು ಓಟದಲ್ಲಿ ತಣ್ಣಗಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ನಿಂತಾಗ ಸರಿ ಇದ್ದು ಏರಿನಲ್ಲಿ, ಭಾರದಲ್ಲಿ ಕುದಿದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಅಥವಾ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ. ಮುಂಜಾನೆ ಚಾಲೂ ಮಾಡಿದ ಐದು ನಿಮಿಷದಲ್ಲೇ ಹೋಸ್ ಪೈಪು ಕಲ್ಲಾಗಿ, ನೀರು ಹೊರಗೆ ನೂಕಿದರೆ ಆಗ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಹಾಳೆ) ಮಾತು. 70ರ ವೇಗದಲ್ಲಿ ತಾಸುಗಟ್ಟಲೆ ಓಡಿದರೂ ಮುಳ್ಳು ನಡುವೆಯೇ ನಿಲ್ಲುತ್ತದೆ ಎಂದರೆ ಮೂರನೆಯದರ ಸಾಧ್ಯತೆ ತೀರಾ ಕಡಿಮೆ. ಆ ವೇಗದಲ್ಲಿ ಫ್ಯಾನ್ ಇಲ್ಲದಿದ್ದರೂ ನಡೆಯುತ್ತದೆ, ಸೆಕೆಂಡಿಗೆ ಹತ್ತೊಂಬತ್ತು ಮೀಟರ್ ಗಾಳಿ ತಾನೇ ನುಗ್ಗುತ್ತದೆ. ಹೊಲದಲ್ಲಿ 8–10 ಕಿಲೋಮೀಟರ್ ವೇಗದಲ್ಲಿ ಗಾಳಿ ಎಳೆಯುವುದು ಫ್ಯಾನ್ ಒಂದೇ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದರಂತೂ ಗ್ರಿಲ್‌ಗೆ ಏನೂ ತಾಕುವುದಿಲ್ಲ. ಒಂದೇ ಹೊಲದಲ್ಲಿ ಹೋಗುವಾಗ ಕುದಿದು ಬರುವಾಗ ಇಳಿಯುವ ಗಾಡಿಗಳ ಗುಟ್ಟು ಇದು.

ಆದರೆ ಘಾಟಿನಲ್ಲಿ, ಅದೂ ಮಳೆಯಲ್ಲಿ, ಏರಿತು ಎಂದು ಬರೆದಿದ್ದೀರಿ. ಹಾಗಾಗಿ ಗಾಳಿ ಒಂದೇ ಅಲ್ಲ, ನೀರಿನ ದಾರಿಯೂ ಅರ್ಧ ಮುಚ್ಚಿದೆ. ಎರಡು ಅರ್ಧ ದೋಷ ಕೂಡಿ ಒಂದು ಪೂರ್ತಿ ದೋಷ ಆಗಿರುವ ಕೇಸು ಇದು. ಇಂಥದ್ದರಲ್ಲಿ ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ಯಾವುದರಿಂದಲೂ ಪೂರ್ತಿ ಗುಣ ಕಾಣದೆ ಕೊನೆಗೆ ಹೆಡ್ ಬಿಚ್ಚುವ ಸಲಹೆಗೆ ಬಂದು ನಿಲ್ಲುತ್ತದೆ.

ದಿನಾ ಅರ್ಧ ಲೀಟರ್ ನೀರು ಎಲ್ಲಿ ಹೋಗುತ್ತದೆ

ಮಿಸ್ತ್ರಿಗೆ ಗ್ಯಾಸ್ಕೆಟ್ ಅನುಮಾನ ಬಂದಿರುವುದು ಬಹುಶಃ ಇದರಿಂದಲೇ, ಅದಕ್ಕೆ ಇದನ್ನು ಮೊದಲು ಮುಗಿಸೋಣ. 20 ಡಿಗ್ರಿಯ ನೀರು 90 ಡಿಗ್ರಿಗೆ ಕಾದರೆ ಸುಮಾರು 3.4 ಶೇಕಡ ಹಿಗ್ಗುತ್ತದೆ. ನಿಮ್ಮ ಗಾಡಿಯಲ್ಲಿ 10 ಲೀಟರ್ ನೀರು ಹಿಡಿಯುತ್ತದೆ ಎಂದುಕೊಂಡರೆ 340 ಮಿಲಿಲೀಟರ್ ಜಾಗ ಬೇಕು. ಹಳೇ ಜೀಪುಗಳಿಗೆ ಹಿಗ್ಗಿದ ನೀರು ಹಿಡಿಯುವ ಪಕ್ಕದ ಬಾಟಲಿ ಇರುವುದಿಲ್ಲ, ಇದ್ದರೂ ಯಾರೋ ಕಿತ್ತು ಹಾಕಿರುತ್ತಾರೆ. ನೀವು ಮುಂಜಾನೆ ರೇಡಿಯೇಟರಿನ ಕೊರಳಿನ ತನಕ ತುಂಬುತ್ತೀರಿ, ಹಿಗ್ಗಿದ ನೀರು ಪೈಪಿನಿಂದ ಹೊರಗೆ ಹೋಗುತ್ತದೆ, ಸಂಜೆ ತಣ್ಣಗಾದಾಗ ಅಷ್ಟು ಖಾಲಿ ಕಾಣುತ್ತದೆ, ಮರುದಿನ ಮತ್ತೆ ತುಂಬುತ್ತೀರಿ. ಸೋರಿಕೆಯೇ ಇಲ್ಲದ ಗಾಡಿಯೂ ಹೀಗೆ ದಿನಾ ನೀರು ಬೇಡುತ್ತದೆ.

ಪರೀಕ್ಷೆ ಸುಲಭ. ನಾಲ್ಕು ದಿನ ನೀರು ಹಾಕುವುದನ್ನು ನಿಲ್ಲಿಸಿ. ದಿನಾ ಮುಂಜಾನೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಕ್ಯಾಪ್ ತೆಗೆದು ಒಂದು ಕಡ್ಡಿ ಇಳಿಸಿ ಮಟ್ಟ ಗುರುತು ಮಾಡಿ. ಕೊರಳಿನಿಂದ 4–5 ಸೆಂಟಿಮೀಟರ್ ಕೆಳಗೆ ಬಂದು ಅಲ್ಲೇ ನಿಂತರೆ ಸೋರಿಕೆ ಇಲ್ಲ, ಅದೇ ಅದರ ಸರಿಯಾದ ಮಟ್ಟ. ಒಳಗಿನ ಕೊಳವೆಗಳ ತಲೆ ಬಯಲಾಗುವಷ್ಟು ಇಳಿಯುತ್ತ ಹೋದರೆ ಮಾತ್ರ ಸೋರಿಕೆ ಹುಡುಕಿ: ವಾಟರ್ ಬಾಡಿ (ನೀರಿನ ಪಂಪು) ಕೆಳಗಿನ ಸಣ್ಣ ತೂತು, ಹೋಸ್ ಕ್ಲಿಪ್ಪುಗಳು, ಬ್ಲಾಕಿನ ಪಕ್ಕದ ತಗಡಿನ ಬಿಲ್ಲೆಗಳು, ಹೀಟರ್ ಪೈಪು. ಬೋರಿನ ನೀರು ಸೋರಿದ ಜಾಗದಲ್ಲಿ ಬಿಳಿ ಕಲೆ ಬಿಟ್ಟಿರುತ್ತದೆ, ಕಣ್ಣಿಗೆ ಬೀಳುತ್ತದೆ.

ಹೊಸ ಕ್ಯಾಪ್ ಹಾಕಿದ್ದೀರಿ ಅಂದಿರಿ. ಅದರ ಮೇಲೆ ಏನು ಬರೆದಿದೆ ನೋಡಿ. ವಿಜಯಪುರ ಜಿಲ್ಲೆ ಸಮುದ್ರ ಮಟ್ಟದಿಂದ ಸುಮಾರು 500–600 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯ ನೀರು ಇಲ್ಲಿ ಹತ್ತಿರಹತ್ತಿರ 98 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಕ್ಯಾಪ್ ಸರಿಯಾಗಿ ಕೂತರೆ ಅದೇ ನೀರು 118ರ ಆಸುಪಾಸಿನ ತನಕ ತಡೆಯುತ್ತದೆ. ಕ್ಯಾಪಿನ ರಬ್ಬರು ಕೊರಳಿನ ಒಳಗಿನ ಮೆಟ್ಟಿಲಿಗೆ ಮುಟ್ಟದಿದ್ದರೆ ಒತ್ತಡವೇ ಕಟ್ಟುವುದಿಲ್ಲ. ಅಂಗಡಿಯಲ್ಲಿ ಮೇಲುನೋಟಕ್ಕೆ ಒಂದೇ ತರಹ ಇರುವ ಕ್ಯಾಪುಗಳ ಆಳ ಬೇರೆ ಬೇರೆ ಇರುತ್ತದೆ, ಮೋಸ ಹೋಗುವುದು ಇಲ್ಲೇ. ರಬ್ಬರಿಗೆ ತೆಳ್ಳಗೆ ಗ್ರೀಸ್ ಹಚ್ಚಿ ಮುಚ್ಚಿ ತೆಗೆಯಿರಿ. ಮೆಟ್ಟಿಲಿನ ಮೇಲೆ ಪೂರ್ತಿ ಉಂಗುರ ಮೂಡಬೇಕು. ಹಾಗಂತ ಸಿಕ್ಕಿತೆಂದು 1.1 ಬಾರಿನದು ಹಾಕಬೇಡಿ. 0.5 ಬಾರಿಗೆ ಮಾಡಿದ ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರಿನ ಬೆಸುಗೆ ಬಿಚ್ಚಿಕೊಳ್ಳುತ್ತದೆ. ರೇಡಿಯೇಟರಿಗೆ ಎಷ್ಟು ಹೇಳಿದೆಯೋ ಅಷ್ಟೇ.

ಬಂದ್ ಮಾಡಿದ ಮೇಲೆ ಗುಳುಗುಳು ಎನ್ನುವುದಕ್ಕೂ ಕಾರಣ ಇದರಲ್ಲೇ ಇದೆ. ಪಂಪು ನಿಂತಾಗ ಹೆಡ್‌ನ ಕಾದ ಕಬ್ಬಿಣ ಪಕ್ಕದ ನಿಂತ ನೀರಿಗೆ ಬಿಸಿ ಕೊಡುತ್ತಲೇ ಇರುತ್ತದೆ, ಒತ್ತಡ ಇಲ್ಲದಿದ್ದರೆ ನೀರು ಅಲ್ಲೇ ಕುದಿಯುತ್ತದೆ. ಅದಕ್ಕೇ ಹೊಲದಿಂದ ಬಂದ ತಕ್ಷಣ ಕೀಲಿ ತಿರುಗಿಸಬೇಡಿ. ಎರಡು-ಮೂರು ನಿಮಿಷ ಖಾಲಿ ಓಡಲಿ.

ಗಾಳಿ: ಇಲ್ಲಿ ಸಮಯ ಕೊಡಿ

ಬಂಪರ್, ವಿಂಚ್, ಜಾಳಗಿ ಮೂರೂ ರೇಡಿಯೇಟರಿನ ಮುಂದೆ ಕೂತಿವೆ. ಇವುಗಳಲ್ಲಿ ಜಾಳಗಿ ಅತಿ ಕೆಟ್ಟದ್ದು. ಸಣ್ಣ ಕಣ್ಣಿನ ಜಾಳಗಿ ಹೊಸದಿದ್ದಾಗಲೇ ಗಾಳಿ ತಡೆಯುತ್ತದೆ, ಜೋಳದ ರಾಶಿ ಕಾಲದಲ್ಲಿ ಹೊಟ್ಟು ಅಂಟಿದರೆ ಗೋಣಿಚೀಲ ಹೊದಿಸಿದ ಹಾಗೆ. ತೆಗೆದು ಹಾಕಿ, ಅಥವಾ 10–12 ಮಿಲಿಮೀಟರ್ ಕಣ್ಣಿನದನ್ನು ಗ್ರಿಲ್‌ನಿಂದ ದೂರ, ದಿನಾ ಜಾಡಿಸಲು ಬರುವಂತೆ ಕೊಕ್ಕೆಗೆ ಹಾಕಿ.

ಆಮೇಲೆ ಕಾಗದದ ಪರೀಕ್ಷೆ. ಎಂಜಿನ್ ಕಾದಿರಲಿ, ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, 1,500 ಆರ್‌ಪಿಎಂಗೆ ಹಿಡಿಸಿ, ದಿನಪತ್ರಿಕೆಯ ಅರ್ಧ ಹಾಳೆಯನ್ನು ರೇಡಿಯೇಟರಿನ ಮುಂಭಾಗಕ್ಕೆ ಹಿಡಿದು ಬಿಡಿ. ಹಾಳೆ ಅಂಟಿಕೊಂಡು ನಿಲ್ಲಬೇಕು. ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆ ನೋಡಿ. ನಡುವೆ ಮಾತ್ರ ಅಂಟಿ ಮೂಲೆಗಳಲ್ಲಿ ಜಾರಿ ಬಿದ್ದರೆ ಫ್ಯಾನ್ ಸುತ್ತಲಿನ ತಗಡಿನ ಬಳೆ ಇಲ್ಲ ಅಥವಾ ಒಡೆದಿದೆ. ಆ ಬಳೆಗೆ ಶ್ರೌಡ್ ಅನ್ನುತ್ತಾರೆ. ಅದಿಲ್ಲದ ಫ್ಯಾನ್ ತನ್ನ ಪಕ್ಕದ ಬಿಸಿ ಗಾಳಿಯನ್ನೇ ಎಳೆದು ಬಿಡುತ್ತ ಸುತ್ತುತ್ತದೆ, ರೇಡಿಯೇಟರಿನ ಮೂಲೆಗಳು ಬರೀ ಅಲಂಕಾರ.

ಹಳೇ ಜೀಪುಗಳಲ್ಲಿ ಶ್ರೌಡ್ ಮಾಯವಾಗುವುದಕ್ಕೆ ಒಂದು ಕ್ರಮ ಇದೆ. ಎಂಜಿನ್ ಕೂರುವ ರಬ್ಬರು ಬುಷ್ ಹಳತಾಗಿ ಕುಸಿಯುತ್ತದೆ, ಎಂಜಿನ್ ಒಂದು ಸೆಂಟಿಮೀಟರ್ ಕೆಳಗೆ ಇಳಿಯುತ್ತದೆ, ಫ್ಯಾನಿನ ರೆಕ್ಕೆ ಶ್ರೌಡಿನ ಕೆಳ ಅಂಚಿಗೆ ತಾಗಿ ಸದ್ದು ಮಾಡುತ್ತದೆ, ಮಿಸ್ತ್ರಿ ಶ್ರೌಡ್ ಬಿಚ್ಚಿ ಮೂಲೆಗೆ ಒಗೆಯುತ್ತಾನೆ. ಸದ್ದು ಹೋಯಿತು, ಬೇಸಿಗೆಯಲ್ಲಿ ಕುದಿತ ಬಂತು. ಹಾಗಾಗಿ ಮೊದಲು ರಬ್ಬರು ಬುಷ್, ಆಮೇಲೆ ಶ್ರೌಡ್. ರೆಕ್ಕೆಯ ತುದಿಗೂ ಬಳೆಗೂ 15–25 ಮಿಲಿಮೀಟರ್ ಸಂದು ಇರಲಿ, ರೆಕ್ಕೆಯ ಅಗಲದ ಅರ್ಧದಷ್ಟಾದರೂ ಬಳೆಯ ಒಳಗೆ ಇರಲಿ. ಬಿಚ್ಚಿದ ಫ್ಯಾನನ್ನು ಹಿಂದುಮುಂದು ಮಾಡಿ ಕೂರಿಸಿದ್ದಾರೋ ಎಂಬುದನ್ನೂ ನೋಡಿ. ಉಲ್ಟಾ ಕೂರಿಸಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ರೆಕ್ಕೆಯ ಡೊಂಕು ತಪ್ಪು ಕಡೆಗಾಗಿ ಗಾಳಿ ಗಣನೀಯವಾಗಿ ಕಡಿಮೆ ಬರುತ್ತದೆ.

ಬೆಲ್ಟನ್ನು ಎರಡು ಪುಲ್ಲಿಗಳ ನಡುವಿನ ಉದ್ದ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ 10–12 ಮಿಲಿಮೀಟರ್ ಬಗ್ಗಬೇಕು. ಅದಕ್ಕಿಂತ ಮುಖ್ಯವಾದದ್ದು ಬೆಲ್ಟ್ ಪುಲ್ಲಿಯ ತೋಡಿನಲ್ಲಿ ಎಲ್ಲಿ ಕೂತಿದೆ ಎಂಬುದು. ವಿ ಬೆಲ್ಟ್ ಹಿಡಿಯುವುದು ಪಕ್ಕಗಳಿಂದ. ಸವೆದ ಬೆಲ್ಟ್ ಒಳಗಿಳಿದು ತೋಡಿನ ತಳ ಮುಟ್ಟಿದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದರೂ ಅಷ್ಟೇ. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ, ಆದ್ದರಿಂದ ಅದು ಜಾರಿದರೆ ಗಾಳಿ, ನೀರು ಎರಡೂ ಒಟ್ಟಿಗೆ ಕಡಿಮೆ. ಹೊಸ ಮಾದರಿಯ ಗಾಡಿ ಇರುವವರು ಇದೇ ಜಾಗದಲ್ಲಿ, ಬಿಸಿಯಾದಾಗ ಫ್ಯಾನನ್ನು ಹಿಡಿದು ತಿರುಗಿಸುವ ಸಿಲಿಕೋನ್ ಎಣ್ಣೆಯ ವಿಸ್ಕಸ್ ಕಪ್ಲಿಂಗ್ ನೋಡಬೇಕು. ಕಾದ ಎಂಜಿನ್ ಬಂದ್ ಮಾಡಿ ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಸರಾಗವಾಗಿ ಎರಡು-ಮೂರು ಸುತ್ತು ಹೋದರೆ ಆ ಕಪ್ಲಿಂಗ್ ಸತ್ತಿದೆ.

ಇನ್ನು ರೇಡಿಯೇಟರಿನ ತಗಡಿನ ಎಲೆಗಳ ನಡುವಿನ ಮಣ್ಣು. ರಾತ್ರಿ ಎಂಜಿನ್ ಕಡೆಯಿಂದ ಒಂದು ಬಲ್ಬು ಹಿಡಿದು ಮುಂದಿನಿಂದ ನೋಡಿ. ಬೆಳಕು ಕಾಣದ ಜಾಗದಲ್ಲಿ ಗಾಳಿಯೂ ಹೋಗುವುದಿಲ್ಲ. ಎರೆ ಮಣ್ಣು ಒಣಗಿದರೆ ಇಟ್ಟಿಗೆಯಾಗುತ್ತದೆ, ನೀರು ಬಿದ್ದರೆ ಉಬ್ಬುತ್ತದೆ, ಒಂದು ಸಲ ನೀರು ಹೊಡೆದರೆ ಬಿಡುವ ಮಣ್ಣಲ್ಲ ಅದು. ಮೊದಲು ಒಣ ಹೊಟ್ಟು, ರವದಿಯ ಚೂರುಗಳನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಹಗುರ ಗಾಳಿಯಿಂದ ಊದಿ ತೆಗೆಯಿರಿ. ನಂತರ ಸೋಪಿನ ನೀರು ಚಿಮುಕಿಸಿ ಅರ್ಧ ತಾಸು ನೆನೆಯಲು ಬಿಟ್ಟು, ಸಾದಾ ಪೈಪಿನ ನೀರಿನಿಂದ ಅದೇ ದಿಕ್ಕಿನಲ್ಲಿ ತೊಳೆಯಿರಿ. ಮೂರ್ನಾಲ್ಕು ಸಲ ಬೇಕಾಗುತ್ತದೆ. ಸರ್ವಿಸಿಂಗ್ ಅಂಗಡಿಯ ಪ್ರೆಷರ್ ನೀರನ್ನು ಹತ್ತಿರದಿಂದ ಹೊಡೆಸಿದರೆ ಎಲೆಗಳು ಮಡಚಿ, ಮಣ್ಣಿಗಿಂತ ಗಟ್ಟಿಯಾದ ಬಾಗಿಲು ಹಾಕಿಕೊಳ್ಳುತ್ತದೆ. ಎಸಿ ಇರುವ ಗಾಡಿಗಳಲ್ಲಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳು ಅಗಲದ ಸಂದಿಯಲ್ಲಿ ಹೊಟ್ಟು ತುಂಬಿರುತ್ತದೆ, ಮುಂದಿನಿಂದ ಎರಡೂ ಚೊಕ್ಕ ಕಾಣುತ್ತವೆ. ಬಿಚ್ಚದೆ ಅದು ಹೋಗುವುದಿಲ್ಲ.

ಥರ್ಮೋಸ್ಟಾಟ್ ವಾಪಸ್ ಹಾಕಿ

ಇದನ್ನು ತೆಗೆಯುವುದು ನಮ್ಮ ಕಡೆ ಒಂದು ರೂಢಿಯೇ ಆಗಿದೆ. "ನಮ್ಮ ಬಿಸಲಿಗೆ ಅದು ಯಾಕ ಬೇಕ್ರಿ?" ಎನ್ನುತ್ತಾರೆ. ಕೆಲಸ ಹೀಗಿದೆ: ಎಂಜಿನ್ ತಣ್ಣಗಿದ್ದಾಗ ಅದು ರೇಡಿಯೇಟರಿನ ದಾರಿ ಮುಚ್ಚಿ, ಬೈಪಾಸ್ ಎಂಬ ಅಡ್ಡ ದಾರಿಯಲ್ಲಿ ನೀರನ್ನು ಎಂಜಿನ್ ಒಳಗೇ ಸುತ್ತಿಸುತ್ತದೆ. ಸುಮಾರು 82 ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಿ, 95ರ ಹೊತ್ತಿಗೆ ಪೂರ್ತಿ ತೆರೆದಾಗ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಂಥ ಬಿಲ್ಲೆ ಇರುವ ಎಂಜಿನ್‌ನಿಂದ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಒಂದು ಪಾಲು ಬಿಸಿ ನೀರು ರೇಡಿಯೇಟರ್ ಮುಖ ನೋಡದೆ ಮತ್ತೆ ಪಂಪಿಗೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಎರಡನೇ ಗೇರಿನಲ್ಲಿ ಘಾಟ್ ಏರುವಾಗ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಎಂಜಿನ್ ಕಾಯದೆ ಓಡಿ ಡೀಸೆಲ್ ಹೆಚ್ಚು ಕುಡಿಯುವುದು, ಸಿಲಿಂಡರಿನ ಒಳಗೋಡೆ ಸವೆಯುವುದು ಬೇರೆ ಲೆಕ್ಕ.

ಹೊಸದು ತಂದರೂ ಹಾಕುವ ಮುಂಚೆ ಒಲೆ ಮೇಲೆ ನೋಡಿ. ಭೋಗುಣಿಯ ನೀರಿನಲ್ಲಿ ದಾರ ಕಟ್ಟಿ ತೂಗಿಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ 110 ಡಿಗ್ರಿ ತನಕ ತೋರಿಸುವ ಥರ್ಮಾಮೀಟರ್ ಇರಲಿ. ದಾರವನ್ನು ವಾಲ್ವಿನ ಬಾಯಿಗೆ ಸಿಕ್ಕಿಸಿ ತೂಗಿಬಿಟ್ಟರೆ, ಬಾಯಿ ಬಿಟ್ಟ ಕ್ಷಣದಲ್ಲಿ ಅದು ದಾರ ಬಿಟ್ಟು ಕೆಳಗೆ ಬೀಳುತ್ತದೆ. ಆಗಿನ ಅಂಕಿ ಅದರ ಮೇಲೆ ಕೊರೆದ ಅಂಕಿಗೆ ಎರಡು-ಮೂರು ಡಿಗ್ರಿ ಆಚೀಚೆ ಇರಬೇಕು. ನೀರು ಕುದಿಯುವ ಹೊತ್ತಿಗೆ 8 ಮಿಲಿಮೀಟರಿನಷ್ಟು ತೆರೆದಿರಬೇಕು. ಕೂರಿಸುವಾಗ ಸ್ಪ್ರಿಂಗ್ ಇರುವ ಭಾಗ ಎಂಜಿನ್ ಕಡೆಗೆ, ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕೆ. ಗಾಳಿ ಹೊರಬೀಳುವುದು ಆ ಪಿನ್ನಿನ ತೂತಿನಿಂದ.

ಬೋರಿನ ನೀರು

ನಿಮ್ಮ ಗಾಡಿಯ ಎರಡನೇ ಅರ್ಧ ದೋಷ ಇದೇ ಇರಬೇಕು. ನಿಮ್ಮ ಕಡೆಯ ಬೋರುಗಳ ಸವಳು ನೀರು ಹೇಗಿರುತ್ತದೆ ಎಂದು ನೋಡಲು ಬಚ್ಚಲ ಹಂಡೆಯ ಒಳಗೆ ಕೈ ಹಾಕಿದರೆ ಸಾಕು, ತಳದಲ್ಲಿ ಬಿಳಿ ಹೆಕ್ಕಳಿಕೆ ಸಿಗುತ್ತದೆ. ಅದೇ ಎಂಜಿನ್ ಒಳಗೂ ಕಟ್ಟುತ್ತದೆ, ಅದೂ ಅತಿ ಹೆಚ್ಚು ಕಾಯುವ ಜಾಗದಲ್ಲೇ ಮೊದಲು: ಎಕ್ಸಾಸ್ಟ್ ವಾಲ್ವುಗಳ ಸುತ್ತ, ನಾಲ್ಕನೇ ಸಿಲಿಂಡರಿನ ಹಿಂಬದಿ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಆ ಸುಣ್ಣದ ಪದರ ಹತ್ತಾರು ಪಟ್ಟು ಕಡಿಮೆ ಬಿಸಿ ದಾಟಿಸುತ್ತದೆ. ದಿನಾ ಅರ್ಧ ಲೀಟರ್ ಹೊಸ ಬೋರಿನ ನೀರು ಎಂದರೆ ದಿನಾ ಒಂದು ಚಿಟಿಕೆ ಹೊಸ ಸುಣ್ಣ. ಎರಡು ವರ್ಷದಲ್ಲಿ 350 ಲೀಟರಿಗೂ ಮೇಲೆ ಆಯಿತು.

ರೇಡಿಯೇಟರ್ ಎಷ್ಟು ಕಟ್ಟಿದೆ ಎಂದು ಬಿಚ್ಚದೆ ನೋಡಲು ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು, ಈಗ ದುಬಾರಿ ಸಾಮಾನಲ್ಲ. ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ, ಆದ್ದರಿಂದ ಅಳೆಯುವ ಜಾಗಕ್ಕೆಲ್ಲ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ. ಗಾಡಿಯನ್ನು ಹೊಲದಲ್ಲಿ ಹತ್ತು ನಿಮಿಷ ದುಡಿಸಿ, ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಮೇಲಿನ ಹೋಸ್ ಸೇರುವ ಜಾಗ ಮತ್ತು ಕೆಳಗಿನ ಹೋಸ್ ಹೊರಡುವ ಜಾಗ ಅಳೆಯಿರಿ. ದುಡಿಯುವ ಎಂಜಿನ್‌ನಲ್ಲಿ ನಡುವೆ ಸುಮಾರು 6–12 ಡಿಗ್ರಿ ಅಂತರ ಸಾಮಾನ್ಯ. ಎರಡೂ ಬಿಸಿ, ಅಂತರ ಮೂರು-ನಾಲ್ಕೇ ಇದ್ದರೆ ಗಾಳಿ ಬರುತ್ತಿಲ್ಲ. ಅಂತರ 20 ದಾಟಿದರೆ ನೀರು ತೆವಳುತ್ತಿದೆ: ಕೊಳವೆ ಮುಚ್ಚಿವೆ, ಅಥವಾ ಪಂಪು ಸೋತಿದೆ. ಈಗ ರೇಡಿಯೇಟರಿನ ಮುಖದ ಮೇಲೆ ಅಂಗುಲ ಅಂಗುಲವಾಗಿ ಅಡ್ಡಡ್ಡ ಹೋಗಿ. ನೆರೆಯ ಜಾಗಕ್ಕಿಂತ 10–15 ಡಿಗ್ರಿ ತಣ್ಣಗಿರುವ ಪಟ್ಟೆ ಸಿಕ್ಕರೆ ಅಲ್ಲಿಯ ಕೊಳವೆಗಳು ಸತ್ತಿವೆ. ಸೋರಿಕೆ ನಿಲ್ಲಲೆಂದು ಅರಿಷಿಣ ಪುಡಿ ಸುರಿದ ರೇಡಿಯೇಟರುಗಳಲ್ಲಿ ಕೆಳಭಾಗ ಪೂರ್ತಿ ಹೀಗಿರುತ್ತದೆ. ಅರಿಷಿಣ ಗಾಯಕ್ಕೆ ಒಳ್ಳೆಯದು, ರೇಡಿಯೇಟರಿಗಲ್ಲ.

ತೊಳೆಯುವ ಕ್ರಮ ಬರೆಯುತ್ತೇನೆ. ತಾಮ್ರ-ಹಿತ್ತಾಳೆ ರೇಡಿಯೇಟರಿಗೆ ಇದು ಸರಿ. ಅಲ್ಯುಮಿನಿಯಂದಾದರೆ ಪುಡಿ ಅರ್ಧಕ್ಕೆ ಇಳಿಸಿ, ಹೊತ್ತೂ ಅರ್ಧ ಮಾಡಿ.

ಥರ್ಮೋಸ್ಟಾಟ್ ಇಲ್ಲದಿರುವಾಗಲೇ ಮಾಡಿ ಮುಗಿಸಿ, ಆಮೇಲೆ ಹೊಸದು ಹಾಕಿ. ತಣ್ಣಗಿನ ಎಂಜಿನ್‌ನಿಂದ ರೇಡಿಯೇಟರಿನ ನಲ್ಲಿ ಮತ್ತು ಬ್ಲಾಕಿನ ಪಕ್ಕದ ನಲ್ಲಿ ಎರಡನ್ನೂ ಬಿಚ್ಚಿ ನೀರು ಇಳಿಸಿ. ಬ್ಲಾಕಿನದು ತೆರೆದರೂ ಹನಿ ಬಾರದಿದ್ದರೆ ಹೊರಗಿನಿಂದ ತಂತಿ ಆಡಿಸಿ, ಕೆಸರು ಕೂತಿರುತ್ತದೆ. ಹೆಚ್ಚಿನವರು ಈ ನಲ್ಲಿಯನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಹಳೇ ನೀರಿನ ಮೂರರಲ್ಲೊಂದು ಪಾಲು ಒಳಗೇ ಉಳಿಯುತ್ತದೆ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ, ಅಂದರೆ 10 ಲೀಟರಿಗೆ ಅರ್ಧ ಕಿಲೋ, ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿ ನೀರಿನಲ್ಲಿ ಕರಗಿಸಿ ತುಂಬಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೂ ಸಿಗುತ್ತದೆ. ಇಂಡಿಯ ನಿಂಬೆಯ ರಸದಲ್ಲೂ ಹುಳಿ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ, ಆದರೂ ತೋಟದ ಹಣ್ಣು ಹಿಂಡಬೇಡಿ, ತಿರುಳು ಕೊಳವೆಗೆ ಕೂತರೆ ಮತ್ತೊಂದು ರಗಳೆ. ಬಚ್ಚಲು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ.

ಹೀಟರ್ ಇದ್ದರೆ ತೆರೆದು, ಎಂಜಿನ್ 80 ಡಿಗ್ರಿಗೆ ಬಂದ ಮೇಲೆ 20–30 ನಿಮಿಷ ಓಡಿಸಿ, ಮುಟ್ಟಲು ಬರುವಷ್ಟು ಆರಿದ ಮೇಲೆ ಇಳಿಸಿ. ಚಹಾದ ಬಣ್ಣದ, ಬಿಳಿ ಚಕ್ಕೆ ತೇಲುವ ನೀರು ಬರುತ್ತದೆ. ತುಂಬ ಹೊಲಸಿದ್ದರೆ ಇನ್ನೊಂದು ಸಲ. ಆಮೇಲೆ ಬರೀ ನೀರಿನಿಂದ ಒಮ್ಮೆ, ಒಂದು ಮುಷ್ಟಿ ಅಡುಗೆ ಸೋಡಾ ಹಾಕಿದ ನೀರಿನಿಂದ ಒಮ್ಮೆ, ಮತ್ತೆ ಬರೀ ನೀರಿನಿಂದ ಎರಡು ಸಲ. ಒಂದು ಎಚ್ಚರಿಕೆ: ಸುಣ್ಣವೇ ಮುಚ್ಚಿಟ್ಟಿದ್ದ ಹಳೇ ತೂತುಗಳು ಇದರಿಂದ ಬಯಲಾಗಬಹುದು. ತೊಳೆದ ಮರುದಿನ ರೇಡಿಯೇಟರ್ ಸೋರಿದರೆ ತೊಳೆದದ್ದರ ತಪ್ಪಲ್ಲ. ತೊಳೆದ ಮೇಲೂ ತಣ್ಣನೆ ಪಟ್ಟೆ ಉಳಿದರೆ ರೇಡಿಯೇಟರ್ ರಿಪೇರಿಯವರ ಬಳಿ ಮೇಲಿನ ಟ್ಯಾಂಕ್ ಬಿಡಿಸಿ ಕೊಳವೆಗಳಲ್ಲಿ ಸಲಾಕೆ ಆಡಿಸುವುದೊಂದೇ ದಾರಿ.

ವಾಪಸ್ ತುಂಬುವಾಗ ಬೋರಿನ ನೀರಿಗೆ ಪೂರ್ಣವಿರಾಮ. ಗಟ್ಟಿ ಕೂಲಂಟ್ ತಂದಿದ್ದರೆ 10 ಲೀಟರಿಗೆ 4 ಲೀಟರ್ ಕೂಲಂಟ್, 6 ಲೀಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಆರ್‌ಒ ನೀರೂ ನಡೆಯುತ್ತದೆ, ಅದರ ಯಂತ್ರ ಹೊರಗೆ ಬಿಸಾಡುವ ನೀರಲ್ಲ. ಮೊದಲೇ ಬೆರೆಸಿದ್ದಾದರೆ ನೀರು ಸೇರಿಸಬೇಡಿ. ಕೂಲಂಟ್ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಸರಿಯಲ್ಲ. ಕೂಲಂಟಿನಲ್ಲಿರುವ ಗ್ಲೈಕಾಲ್‌ಗೆ ನೀರಿನಷ್ಟು ಬಿಸಿ ಹೊರುವ ಶಕ್ತಿ ಇಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಮಾತಿಲ್ಲ, ತುಕ್ಕು ತಡೆಯಲು ಮೂರರಲ್ಲೊಂದು ಪಾಲಿಗೆ ಕಡಿಮೆ ಆಗದಿದ್ದರೆ ಸಾಕು. ಹಸಿರು, ಕೆಂಪು ಬೇರೆ ಬೇರೆ ಜಾತಿಯವನ್ನು ಬೆರೆಸಬೇಡಿ.

ತುಂಬಿದ ಮೇಲೆ ಗಾಳಿ ಬಿಡಿಸಬೇಕು. ಗಾಡಿಯ ಮೂತಿಯನ್ನು ದಿಬ್ಬಕ್ಕೆ ಏರಿಸಿ ನಿಲ್ಲಿಸಿ, ಹೀಟರ್ ತೆರೆದು, ಕ್ಯಾಪ್ ಇಲ್ಲದೆ ಥರ್ಮೋಸ್ಟಾಟ್ ತೆರೆಯುವ ತನಕ ಖಾಲಿ ಓಡಿಸಿ. ಮೇಲಿನ ಹೋಸನ್ನು ಆಗಾಗ ಹಿಂಡಿ. ಗುಳ್ಳೆ ನಿಂತು ಮಟ್ಟ ಇಳಿದಷ್ಟು ತುಂಬಿ ಕ್ಯಾಪ್ ಹಾಕಿ. ಇದೇ ಹೊತ್ತಿಗೆ ಒಬ್ಬರು ಎಕ್ಸಲೇಟರ್ ಒತ್ತಿ 2,500ಕ್ಕೆ ಏರಿಸಲಿ, ನೀವು ಕೆಳಗಿನ ಹೋಸ್ ನೋಡಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ ಪಂಪಿನ ಎಳೆತಕ್ಕೆ ಹೋಸ್ ಚಪ್ಪಟೆಯಾಗುತ್ತದೆ. ಖಾಲಿ ನಿಂತಾಗ ಅದು ದುಂಡಗೇ ಇರುವುದರಿಂದ ಎಷ್ಟೋ ಕಡೆ ಇದು ಸಿಕ್ಕದೆ ಉಳಿಯುತ್ತದೆ.

ಹೆಡ್ ಗ್ಯಾಸ್ಕೆಟ್: ಬಿಚ್ಚದೆ ತೀರ್ಮಾನಿಸುವುದು

ಇಷ್ಟಾದ ಮೇಲೂ ಅನುಮಾನ ಇದ್ದರೆ ಈ ಪರೀಕ್ಷೆ ಮಿಸ್ತ್ರಿಯ ಎದುರಿಗೇ ಮಾಡಿ. ರಾತ್ರಿಯೆಲ್ಲ ನಿಂತ ತಣ್ಣಗಿನ ಗಾಡಿ. ಫ್ಯಾನ್ ಬೆಲ್ಟ್ ಬಿಚ್ಚಿ, ಕ್ಯಾಪ್ ತೆಗೆದು ಕೊರಳಿನ ತನಕ ನೀರು ತುಂಬಿ, ಚಾಲೂ ಮಾಡಿ. ಪಂಪು ತಿರುಗುತ್ತಿಲ್ಲವಾದ್ದರಿಂದ ನೀರು ಅಲುಗದೆ ನಿಂತಿರುತ್ತದೆ. ಎರಡು-ಮೂರು ಸಲ ಹಗುರಾಗಿ ಎಕ್ಸಲೇಟರ್ ಕೊಡಿ. ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ, ಎಕ್ಸಲೇಟರ್ ಕೊಟ್ಟಾಗಲೆಲ್ಲ ಹೆಚ್ಚಾದರೆ, ಸಿಲಿಂಡರಿನ ಗ್ಯಾಸು ನೀರಿಗೆ ಬರುತ್ತಿದೆ. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಬೆಲ್ಟ್ ಇಲ್ಲದೆ ಗಾಡಿ ಕದಲಿಸಬೇಡಿ. ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಅದು ನಿಂತರೆ ಬ್ರೇಕು ಕಲ್ಲಾಗುತ್ತದೆ.

ದೊಡ್ಡ ಗ್ಯಾರೇಜುಗಳಲ್ಲಿ ನೀಲಿ ದ್ರವದ ಟೆಸ್ಟರ್ ಇರುತ್ತದೆ, ರೇಡಿಯೇಟರ್ ಬಾಯಿಯ ಹವೆಯನ್ನು ಅದರ ಮೂಲಕ ಎಳೆದರೆ ಗ್ಯಾಸು ಇದ್ದಾಗ ಬಣ್ಣ ತಿರುಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹಳದಿ, ಡೀಸೆಲ್‌ನಲ್ಲಿ ಬರೀ ಹಸಿರು. ಹಳದಿ ಆಗಲಿಲ್ಲ ಎಂದು ಡೀಸೆಲ್ ಗಾಡಿಯನ್ನು ಪಾಸು ಮಾಡಬಾರದು. ಆಯಿಲ್ ಕಡ್ಡಿಯ ಮೇಲೆ ಹಾಲು ಹಾಕಿದ ಚಹಾದ ಬಣ್ಣ, ಮುಂಜಾನೆ ಸಿಹಿ ವಾಸನೆಯ ಬಿಳಿ ಹೊಗೆ, ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಕಂಪ್ರೆಷನ್ ಇಳಿದಿರುವುದು, ಇವೂ ಸಾಕ್ಷಿಗಳೇ.

ಬಿಚ್ಚಲೇಬೇಕಾದರೆ ಎರಡು ಮಾತು. ಹೆಡ್‌ನ ಸಮ ನೋಡಲು ನೇರ ಪಟ್ಟಿ, ಫೀಲರ್ ಗೇಜ್ ಹಿಡಿಯಲಿ, 0.1 ಮಿಲಿಮೀಟರ್ ಎಲೆ ಅಡಿಯಲ್ಲಿ ಹೊಕ್ಕರೆ ಹಾಗೆಯೇ ಕೂರಿಸಬಾರದು. ಡೀಸೆಲ್ ಹೆಡ್ ಗ್ಯಾಸ್ಕೆಟ್‌ಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ, ಅಂಚಿನ ತೂತು ಅಥವಾ ಕಚ್ಚುಗಳ ಲೆಕ್ಕದಲ್ಲಿ ಗುರುತಿರುತ್ತದೆ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಅಳೆದೇ ಆರಿಸಬೇಕು.

ಉಳಿದವು

ಮುಳ್ಳು ಸುಳ್ಳು ಹೇಳುವುದೂ ಉಂಟು. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿದರೆ ಅದು ಅರ್ಥಿಂಗ್ ದೋಷ. ನಿಮ್ಮಲ್ಲಿ ನೀರು ನಿಜಕ್ಕೂ ಕುದಿಯುವುದರಿಂದ ಅದು ಬೇಡ.

31 ಇಂಚಿನ ಟೈರ್ 29ರ ಬದಲಿಗೆ ಹಾಕಿದ್ದಾದರೆ ಗೇರು ಸುಮಾರು 7 ಶೇಕಡ ಎತ್ತರವಾದ ಹಾಗೆ. ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುತ್ತದೆ, ಅದರೊಂದಿಗೆ ಫ್ಯಾನು, ಪಂಪೂ ನಿಧಾನ. ಎರೆ ಹೊಲದಲ್ಲಿ ಹೈ ರೇಂಜಿನ ಎರಡನೇ ಗೇರಿನಲ್ಲಿ 1,000 ಆರ್‌ಪಿಎಂಗೆ ಒದ್ದಾಡಿಸುವ ಬದಲು ಲೋ ರೇಂಜಿಗೆ, ಅಂದರೆ ಫೋರ್‌ವೀಲಿನ ನಿಧಾನದ ಗೇರುಗಳಿಗೆ, ಹಾಕಿ 1,800–2,000ದಲ್ಲಿ ಓಡಿಸಿ. ಸದ್ದು ಜಾಸ್ತಿ, ಬಿಸಿ ಕಡಿಮೆ. ಸದ್ದಿಗೆ ಹೆದರಿ ಲೋ ಹಾಕದವರ ಗಾಡಿಗಳೇ ಹೆಚ್ಚು ಕುದಿಯುವುದು. ಎಳೆತ ಸಾಲದೆಂದು ಡೀಸೆಲ್ ಪಂಪು ಏರಿಸಿದ್ದರೆ, ಅಂದರೆ ಏರಿನಲ್ಲಿ ಕರಿ ಹೊಗೆ ಬರುತ್ತಿದ್ದರೆ, ಅದನ್ನು ಇಳಿಸಿ.

ಇಷ್ಟರ ನಡುವೆ ದಾರಿಯಲ್ಲಿ ಕುದಿದರೆ: ಭಾರ ತೆಗೆಯಿರಿ, ಗಾಡಿಯ ಮುಖ ಗಾಳಿಗೆ ತಿರುಗಿಸಿ, ನ್ಯೂಟ್ರಲ್‌ನಲ್ಲಿ 1,200–1,500ಕ್ಕೆ ಓಡಿಸಿ, ಹೀಟರ್ ಪೂರ್ತಿ ತೆರೆಯಿರಿ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯದಿದ್ದರೆ, ನೀರು ಚೆಲ್ಲುತ್ತಿದ್ದರೆ ಕೂಡಲೇ ಬಂದ್ ಮಾಡಿ. ಮುಕ್ಕಾಲು ತಾಸು ಕ್ಯಾಪ್ ಮುಟ್ಟಬೇಡಿ. ಆಮೇಲೂ ದಪ್ಪ ಬಟ್ಟೆ ಹಾಕಿ ಮೊದಲ ಹಲ್ಲಿನ ತನಕ ತಿರುಗಿಸಿ ಉಸಿರು ಬಿಡಿಸಿ. ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಇಲ್ಲದ ಹೆಡ್ ಕೆಲಸ ತಂದುಕೊಂಡ ಹಾಗೆ. ಎಂಜಿನ್ ಓಡಿಸುತ್ತ ತಂಬಿಗೆಯಿಂದ ಸಣ್ಣ ಧಾರೆಯಾಗಿ ಹಾಕಿ.

ಈ ವಾರ ಜಾಳಗಿ, ಶ್ರೌಡ್, ಬೆಲ್ಟ್, ಮಟ್ಟದ ಪರೀಕ್ಷೆ ಮುಗಿಸಿ. ಇವಕ್ಕೆ ಹೆಚ್ಚು ಖರ್ಚಿಲ್ಲ. ಮುಂದಿನ ವಾರ ತೊಳೆದು, ಥರ್ಮೋಸ್ಟಾಟ್ ಹಾಕಿ, ಅದೇ ಹೊಲದಲ್ಲಿ ಅದೇ ಬಿಸಿಲಿನ ಹೊತ್ತಿಗೆ 20 ನಿಮಿಷ ಓಡಿಸಿ. ಮೇಲಿನ ಹೋಸ್, ಕೆಳಗಿನ ಹೋಸ್, ಹೊರಗಿನ ಹವೆ, ಈ ಮೂರರ ಅಂಕಿಗಳನ್ನು ತೊಳೆಯುವ ಮೊದಲು ಒಮ್ಮೆ, ತೊಳೆದ ಮೇಲೆ ಒಮ್ಮೆ ಬರೆದಿಟ್ಟುಕೊಳ್ಳಿ. ಆಗಲೂ ಕೆಂಪಿಗೆ ಹೋದರೆ ಆ ಚೀಟಿಯನ್ನು ಮಿಸ್ತ್ರಿಗೆ ತೋರಿಸಿ, ಬೆಲ್ಟ್ ಬಿಚ್ಚಿ ಗುಳ್ಳೆ ನೋಡಿಸಿ, ಗುಳ್ಳೆ ಎದ್ದರೆ ಮಾತ್ರ ಹೆಡ್ ಬಿಚ್ಚಿಸಿ.